ಎರೆ ಮಣ್ಣು, ಸವಳು ನೀರು: ಘಮ ಬರುವ ಬಳ್ಳಿ ಯಾವುದು ಹಚ್ಚಲಿ?

ಕೇಳಿದವರು, ವಿಜಯಪುರ:
ಮನೆ ಮುಂದೆ ಹತ್ತಡಿ ಜಾಗ ಇದೆ. ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಎರೆ ಮಣ್ಣು, ಬೋರಿನ ಸವಳು ನೀರು. ಹಂದರದ ಮೇಲೆ ಘಮಘಮ ಅನ್ನುವ ಬಳ್ಳಿ ಬೇಕು. ಹಚ್ಚಿದ ಜಾಜಿ ಎಲೆಯೆಲ್ಲ ಹಳದಿಯಾಗಿ ಉದುರಿ ಬರೀ ಕಡ್ಡಿ ನಿಂತಿದೆ. ಕಿತ್ತು ಬೇರೆ ಹಚ್ಚಲಾ?

ಅದೇ ಊರಿನಿಂದ:
ಅಕ್ಕಾ, ಈಗಲೇ ಕೀಳಬೇಡಿ. ನನ್ನ ಎರಡು ಜಾಜಿ ಹೀಗೇ ಹೋದವು, ತಪ್ಪು ನನ್ನದೇ. ದಿನಾ ಸಂಜೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದೆ. ಎರೆ ಮಣ್ಣು ಮೇಲೆ ಬಿರುಕು ಬಿಟ್ಟಿರುತ್ತದೆ. ನಾಲ್ಕು ಬೆರಳು ಕೆದರಿದರೆ ಕಲಸಿದ ಹಿಟ್ಟಿನ ಹಾಗೆ ಕೈಗೆ ಅಂಟುತ್ತದೆ. ಬೇರಿಗೆ ಉಸಿರೇ ಸಿಗಲ್ಲ. ಮೂರನೇ ಸಲ ಒಂದೂವರೆ ಅಡಿ ತಗ್ಗು ತೋಡಿ, ಮಸಾರಿ ಅಂದರೆ ಕೆಂಪು ಮಣ್ಣಿಗೆ ಮರಳು, ಹಳೆಯ ತಿಪ್ಪೆಗೊಬ್ಬರ ಕಲಸಿ ತುಂಬಿದೆ. ನೆಲಕ್ಕಿಂತ ಅರ್ಧ ಅಡಿ ಏರಿಸಿದೆ. ಇಲ್ಲಾಂದ್ರೆ ಮಳೆಗಾಲದಲ್ಲಿ ಆ ತಗ್ಗೇ ಬಾವಿ ಆಗುತ್ತದೆ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿತ್ತಾ? ಹಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣ ಜಾಸ್ತಿ ಇರುವ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕಲ್ಲ. ಹೊಸ ಎಲೆ ಬಂದ ಮೇಲೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿ. ಹಸಿರು ತಿರುಗುವ ತನಕ ತಿಂಗಳಿಗೊಮ್ಮೆ. ಫರಸಿ ಕಲ್ಲಿನ ಮೇಲೆ ಬೀಳದಂತೆ ನೋಡಿ, ತುಕ್ಕಿನ ಕಲೆ ಹೋಗಲ್ಲ. ನಮ್ಮ ಕಟ್ಟೆ ಮೇಲಿನದನ್ನು ಮನೆಯವರು ಬಂದವರಿಗೆಲ್ಲ ತೋರಿಸುತ್ತಾರೆ.

ಬಳ್ಳಿ ಬಲಿತ ಮೇಲೆ ಡಿಸೆಂಬರ್ ಕೊನೆಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ. ನಾನು ಕತ್ತರಿಸಿದ ದಿನ ಅವ್ವ ಊಟ ಬಡಿಸುವಾಗಲೂ ಬೈದಳು. ಹೂ ಬರೋದು ಹೊಸ ಚಿಗುರಿಗೇ. ಮಳೆಗಾಲದಲ್ಲಿ ದೇವರ ಪಾಲು ಹೋಗಿ ಅವಳ ತುರುಬಿಗೂ ಉಳಿಯಿತು.

ಬಾಗಲಕೋಟೆಯಿಂದ:
ಇಷ್ಟೆಲ್ಲ ಮಾಡಲು ಪುರುಸೊತ್ತು ಇಲ್ಲಾಂದ್ರೆ ಮಧುಮಾಲತಿ ಹಚ್ಚಿ, ಬಿಸಿಲು ತಡೆಯುತ್ತದೆ. ಸಂಜೆ ಬಿಳಿಯಾಗಿ ಅರಳಿ, ಆಮೇಲೆ ಗುಲಾಬಿ, ಕಡೆಗೆ ಕೆಂಪು. ಒಂದೇ ಗೊಂಚಲಲ್ಲಿ ಮೂರೂ ಬಣ್ಣ. ರಾತ್ರಿ ಘಮ ಜಾಸ್ತಿ. ಆದರೆ ನಮ್ಮ ಬಿದಿರಿನ ಹಂದರವನ್ನು ಎರಡೇ ವರ್ಷದಲ್ಲಿ ನೆಲಕ್ಕೆ ಮಲಗಿಸಿತು. ಕಬ್ಬಿಣದ ಪೈಪೇ ಹಾಕಿಸಿ.

ಬೆಳಗಾವಿಯಿಂದ:
ನಮ್ಮದು ಕೆಂಪು ಮಣ್ಣು, ನಿಮ್ಮ ಗೋಳು ನಮಗಿಲ್ಲ. ನಮ್ಮ ಗೋಳು ಮೊಗ್ಗಿನ ಹುಳ. ಜಾಜಿ ಮೊಗ್ಗು ಹೊರಗಡೆ ಸ್ವಲ್ಪ ಗುಲಾಬಿ ಇರುವುದು ಸಹಜ, ಗಾಬರಿ ಬೇಡ. ತೂತು ಕಂಡರೆ ಮಾತ್ರ ಹುಳ. ಅಂಥವನ್ನು ಕಿತ್ತು ಹಾಕಿ, ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಸೇರಿಸಿ ಹೊಡೆಯುತ್ತೇನೆ. ಇನ್ನೊಂದು, ನರ್ಸರಿಯಲ್ಲಿ ನೇರಳೆ ಹೂ ನೋಡಿ ಮರುಳಾಗಬೇಡಿ. ನಾನು ಹೆಸರು ಕೇಳದೆ ತಂದದ್ದು ಬೆಳ್ಳುಳ್ಳಿ ಬಳ್ಳಿ. ಎಲೆ ಉಜ್ಜಿದರೆ ಒಗ್ಗರಣೆ ವಾಸನೆ!

ಕೇಳಿದವರು:
ಕಡ್ಡಿಯನ್ನು ಬುಡದ ಹತ್ತಿರ ಉಗುರಿನಿಂದ ಕೆರೆದು ನೋಡಿದೆ. ಒಳಗೆ ಇನ್ನೂ ಹಸಿರಿದೆ! ಒಂದು ಟಂಟಂ ಮಸಾರಿ ಮಣ್ಣು ಈಗ ಎಷ್ಟಕ್ಕೆ ಸಿಗುತ್ತದೆ ಹೇಳಿ.