ಕಿಡ್ನಿ ಸ್ಟೋನ್ ಅಧ್ಯಯನಕ್ಕೆ ಸೇರಲಾ? ಡ್ಯೂಟಿ ಮೇಲೆ 24 ಗಂಟೆ ಮೂತ್ರ ಕ್ಯಾನಿನಲ್ಲಿ ಹಿಡಿಯೋದು ಹೇಗೆ?

ಕಂಡಕ್ಟರ್ ಬಸು:

ಎಲ್ಲರಿಗೂ ನಮಸ್ಕಾರ. ನಾನು ಬಸ್ ಕಂಡಕ್ಟರ್, ಗಂಗಾವತಿ ಕಡೆಯವನು, ವಯಸ್ಸು 41. ಎರಡು ವರ್ಷದಲ್ಲಿ ಎರಡು ಸಲ ಕಲ್ಲಾಯಿತು. ಮೊದಲನೆಯದು 4 ಎಂಎಂ, ತಾನೇ ಬಿತ್ತು. ಎರಡನೆಯದನ್ನು ಲೇಸರ್‌ನಲ್ಲಿ ಪುಡಿ ಮಾಡಿ ಮೂತ್ರನಾಳದೊಳಗೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಇಟ್ಟರು. ಆ ಸ್ಟೆಂಟ್ ಒಳಗಿದ್ದಾಗ ಬಸ್ಸು ಹಂಪ್ ಹಾರಿದಾಗೆಲ್ಲ ನನ್ನ ಮುಖ ನೋಡಬೇಕಿತ್ತು.

ಈಗ ಡಾಕ್ಟರು ಒಂದು ಅಧ್ಯಯನಕ್ಕೆ ಸೇರ್ತೀರಾ ಅಂತ ಕೇಳಿದ್ದಾರೆ. ಕಲ್ಲು ಮತ್ತೆ ಬರದ ಹಾಗೆ ಒಂದು ಮಾತ್ರೆ. ಅರ್ಧ ಜನಕ್ಕೆ ನಿಜವಾದದ್ದು, ಅರ್ಧ ಜನಕ್ಕೆ ಡಮ್ಮಿ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲವಂತೆ. ಡಮ್ಮಿ ಸಿಕ್ಕರೆ ಎರಡು ವರ್ಷ ಸುಮ್ನೆ ಸೀಮೆಸುಣ್ಣ ನುಂಗಿದ ಹಾಗೆ ಅಲ್ವಾ?

ಅದಕ್ಕಿಂತ ದೊಡ್ಡ ತೊಂದರೆ, 24 ಗಂಟೆ ಮೂತ್ರ ಕ್ಯಾನಿನಲ್ಲಿ ಹಿಡಿದು ಕೊಡಬೇಕು, ಎರಡು ಸಲ. ಬೆಳಿಗ್ಗೆ ಐದೂವರೆಗೆ ಬಸ್ಸು ಹತ್ತಿದರೆ ರಾತ್ರಿ ಎಂಟಕ್ಕೆ ಇಳಿಯೋನು ನಾನು. ಕ್ಯಾನ್ ಎಲ್ಲಿಡಲಿ? ವಾರದ ರಜೆ ದಿನ ಮನೆಯಲ್ಲೇ ಹಿಡಿದುಕೊಟ್ಟರೆ ಸಾಕಾ?

ಅಮ್ಮ ಇದೆಲ್ಲ ಬಿಟ್ಟು ಬಾಳೆದಿಂಡಿನ ರಸ ಕುಡಿ ಅಂತಾಳೆ. ಕ್ಯಾಲ್ಸಿಯಂ ಕಲ್ಲು ಅಂದಿದ್ದಕ್ಕೆ ಹಾಲು, ರಾಗಿ ಎರಡೂ ಬಿಟ್ಟಿದ್ದೇನೆ.

ಹಳೇ ಹುಬ್ಬಳ್ಳಿ:

ಬೇಡ ಗುರುವೇ. ನಿಮ್ಮನ್ನು ಇಲಿ ಮಾಡ್ತಾರೆ. ನನಗೂ 5 ಎಂಎಂ ಇತ್ತು. ದಿನಾ ಹುರುಳಿ ಕಟ್ಟು ಕುಡಿದೆ, ಹದಿನೆಂಟನೇ ದಿನ ಟಣ್ ಅಂತ ಬಿತ್ತು. ಒಂದು ರೂಪಾಯಿ ಖರ್ಚಿಲ್ಲ.

ಲ್ಯಾಬ್ ಅಕ್ಕ:

ಬಸು ಅವರೇ, ನಾನು ಒಂದು ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ಯೂರಾಲಜಿ ವಿಭಾಗದ ಕ್ಯಾನುಗಳು ನನ್ನ ಮೇಜಿಗೇ ಬರೋದು. ಜನರ ಮೂತ್ರ ಅಳೆದೇ ಮಗಳನ್ನು ಓದಿಸ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಹುಬ್ಬಳ್ಳಿ ಅಣ್ಣನ ಹುರುಳಿಯಿಂದಲೇ ಶುರು ಮಾಡೋಣ. ಬ್ರಿಟನ್ನಿನಲ್ಲಿ ಸಸ್ಪೆಂಡ್ ಅಂತ ಒಂದು ಪ್ರಯೋಗ ನಡೀತು, 2015ರಲ್ಲಿ ಪ್ರಕಟವಾಯಿತು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡ 1,167 ಜನ. ಒಂದು ಗುಂಪಿಗೆ ಟ್ಯಾಮ್ಸುಲೋಸಿನ್, ಇನ್ನೊಂದಕ್ಕೆ ನಿಫೆಡಿಪಿನ್ (ಎರಡೂ ಮೂತ್ರನಾಳ ಸಡಿಲಿಸಿ ಕಲ್ಲು ಬೀಳಲಿ ಅಂತ ಕೊಡೋ ಮಾತ್ರೆಗಳು), ಮೂರನೆಯದಕ್ಕೆ ಡಮ್ಮಿ. ನಾಲ್ಕು ವಾರದಲ್ಲಿ ಆಪರೇಷನ್ ಗೀಪರೇಷನ್ ಏನೂ ಬೇಕಾಗದವರು ಮೊದಲನೆಯದರಲ್ಲಿ ನೂರಕ್ಕೆ 81, ಎರಡನೆಯದರಲ್ಲಿ 80, ಡಮ್ಮಿಯಲ್ಲೂ 80! ಡಮ್ಮಿ ಗುಂಪು ಇಲ್ಲದಿದ್ದರೆ ಎಲ್ಲರೂ ಮಾತ್ರೆಗೇ ಹಾರ ಹಾಕ್ತಿದ್ದರು. (ಕಲ್ಲು 5 ಎಂಎಂಗಿಂತ ದೊಡ್ಡದಾದರೆ ಟ್ಯಾಮ್ಸುಲೋಸಿನ್ ಈಗಲೂ ಕೊಡ್ತಾರೆ, ಅದಕ್ಕೆ ಬೇರೆ ಪ್ರಯೋಗಗಳ ಆಧಾರ ಇದೆ.) ಅಣ್ಣಾ, ನಿಮ್ಮ ಕಲ್ಲು ಹುರುಳಿಯಿಂದ ಬಿತ್ತೋ, ಬೀಳುವ ಹೊತ್ತಿಗೆ ನೀವು ಹುರುಳಿ ಕುಡೀತಿದ್ದಿರೋ, ನೀವೇ ಯೋಚಿಸಿ.

ಡಮ್ಮಿ ಸಿಕ್ಕವರೇ ನಷ್ಟ ಮಾಡಿಕೊಂಡವರು ಅನ್ನೋದೂ ಸರಿಯಲ್ಲ. ಹೈಡ್ರೋಕ್ಲೋರೋಥಯಜೈಡ್ ಮಾತ್ರೆಯನ್ನು ಕಲ್ಲು ಮರುಕಳಿಸದಿರಲಿ ಅಂತ ದಶಕಗಳಿಂದ ಕೊಡ್ತಿದ್ದರು. ಸ್ವಿಟ್ಜರ್ಲೆಂಡಿನವರು 416 ಜನರ ಮೇಲೆ ಸರಿಯಾಗಿ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಹೇಳಿದರು. ಡಮ್ಮಿ ತಗೊಂಡವರಲ್ಲಿ ನೂರಕ್ಕೆ 59 ಜನಕ್ಕೆ ಕಲ್ಲು ಮತ್ತೆ ಬಂತು ಅಥವಾ ಬೆಳೆಯಿತು. ಅತಿ ಹೆಚ್ಚು ಡೋಸ್, ಅಂದರೆ 50 ಮಿಲಿಗ್ರಾಂ ತಗೊಂಡವರಲ್ಲಿ 49. ಮಾತ್ರೆಯಿಂದಲೇ ಉಪಯೋಗವಾಯಿತು ಅನ್ನಲು ಈ ಅಂತರ ಸಾಲಲಿಲ್ಲ. ಪೊಟ್ಯಾಶಿಯಂ ಇಳಿಯೋದು, ಹೊಸದಾಗಿ ಸಕ್ಕರೆ ಕಾಯಿಲೆ ಬರೋದು ಮಾತ್ರ ನಿಜವಾದ ಮಾತ್ರೆ ತಗೊಂಡವರಲ್ಲೇ ಜಾಸ್ತಿ.

ಇನ್ನು ಕ್ಯಾನ್. ಬೆಳಿಗ್ಗೆ ಎದ್ದು ಮೊದಲ ಮೂತ್ರ ಟಾಯ್ಲೆಟ್ಟಿಗೆ ಬಿಡಿ, ಗಂಟೆ ಬರೆದಿಡಿ. ಆಮೇಲಿನದೆಲ್ಲ ಕ್ಯಾನಿಗೆ. ಮಾರನೇ ದಿನ ಅದೇ ಹೊತ್ತಿನ ಮೊದಲ ಮೂತ್ರವೂ ಕ್ಯಾನಿಗೆ. ಇಷ್ಟೇ, ಆದರೆ ಹತ್ತು ಜನಕ್ಕೆ ಹೇಳಿದರೆ ಮೂರು ಜನ ಉಲ್ಟಾ ಮಾಡಿಕೊಂಡು ಬರ್ತಾರೆ. ಕ್ಯಾನಿನ ತಳದಲ್ಲಿ ಆಸಿಡ್ ಇದ್ದರೆ ನೇರವಾಗಿ ಅದಕ್ಕೇ ಹೊಯ್ಯಬೇಡಿ, ಚಿಮ್ಮಿದರೆ ಸುಡುತ್ತೆ. ಒಂದು ಮಗ್‌ನಲ್ಲಿ ಹಿಡಿದು ನಿಧಾನ ಸುರಿಯಿರಿ. ನಾಚಿಕೆಗೆ ಇದನ್ನು ಹೇಳದೆ ಕಳಿಸಿಬಿಡೋರು ಇದ್ದಾರೆ, ಅದಕ್ಕೇ ನಾನು ಬಾಯಿಬಿಟ್ಟು ಹೇಳೋದು.

ಮಧ್ಯೆ ಒಂದೆರಡು ಸಲ ತಪ್ಪಿಹೋದರೆ ಮುಚ್ಚಿಡಬೇಡಿ. ಹೇಗಿದ್ದರೂ ಗೊತ್ತಾಗುತ್ತೆ. ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ದಿನಕ್ಕೆ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಹೊರಗೆ ಹೋಗುತ್ತೆ. ನಿಮ್ಮ ತೂಕಕ್ಕೆ ಇಷ್ಟಿರಬೇಕು ಅಂತ ಒಂದು ಲೆಕ್ಕ ಇದೆ. ಒಬ್ಬ ಯಜಮಾನರು ಸುಮಾರು ಸಲದ್ದು ಹಿಡಿಯೋದು ಮರೆತು, ಕಡಿಮೆ ಮೂತ್ರ ಕೊಟ್ಟರೆ ಡಾಕ್ಟರು ಬಯ್ತಾರೆ ಅಂತ ನೀರು ಬೆರೆಸಿ ತಂದಿದ್ದರು. ಮೂರು ಲೀಟರ್ ಕ್ಯಾನು, ಒಳಗೆ ಮಗುವಿನಷ್ಟು ಕ್ರಿಯಾಟಿನಿನ್. ಕೇಳಿದರೆ "ಫಿಲ್ಟರ್ ನೀರೇ ಹಾಕಿದ್ದು ಮೇಡಂ" ಅಂದರು.

ರಜೆ ದಿನದ ಪ್ರಶ್ನೆ ಕೇಳಿದಿರಲ್ಲ, ನಿಮ್ಮ ಪ್ರಶ್ನೆಗಳಲ್ಲಿ ತೂಕದ್ದು ಅದೇ. ರಜೆ ದಿನ ನೀವು ಮನೆಯಲ್ಲಿ ನೆರಳಲ್ಲಿ ಕೂತು ನಾಲ್ಕು ಚೊಂಬು ನೀರು ಕುಡೀತೀರಿ. ಕಲ್ಲು ಕಟ್ಟೋದು ಆ ದಿನ ಅಲ್ಲ. ಗಂಗಾವತಿ ಬಿಸಿಲಲ್ಲಿ, ಎಲ್ಲಿ ಇಳಿಯಬೇಕಾಗುತ್ತೋ ಅಂತ ನೀರೇ ಕುಡಿಯದೆ ಹದಿನಾಲ್ಕು ಗಂಟೆ ನಿಲ್ತೀರಲ್ಲ, ಆ ದಿನ. ಒಂದು ಕ್ಯಾನ್ ರಜೆಯದು, ಒಂದು ಡ್ಯೂಟಿಯದು ಕೊಡ್ತೀನಿ ಅಂತ ಹೇಳಿ. ಡ್ಯೂಟಿ ದಿನಕ್ಕೆ ಆಸಿಡ್ ಇಲ್ಲದ ಸಣ್ಣ ಬಾಟಲಿಗಳು ನಡೆಯುತ್ತಾ ಅಂತ ಲ್ಯಾಬಿನಲ್ಲಿ ವಿಚಾರಿಸಿ. ಬಾಟಲಿ ಕೂಲರ್ ಬ್ಯಾಗಿನಲ್ಲಿಟ್ಟುಕೊಂಡು ರಾತ್ರಿ ಮನೆಗೆ ಬಂದು ದೊಡ್ಡ ಕ್ಯಾನಿಗೆ ಸುರಿಯಬಹುದು.

ಹಾಲು, ರಾಗಿ ದಯವಿಟ್ಟು ಮತ್ತೆ ಶುರು ಮಾಡಿ. ಇಟಲಿಯಲ್ಲಿ ಬೋರ್ಗಿ ಅನ್ನೋ ಡಾಕ್ಟರ ತಂಡ ಕ್ಯಾಲ್ಸಿಯಂ ಕಲ್ಲಿನ 120 ಗಂಡಸರನ್ನು ಐದು ವರ್ಷ ನೋಡಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಜನಕ್ಕೆ ಮತ್ತೆ ಕಲ್ಲು. ಕ್ಯಾಲ್ಸಿಯಂ ಮಾಮೂಲಿ ತಿಂದು ಉಪ್ಪು, ಮಾಂಸ ಇಳಿಸಿದ 60ರಲ್ಲಿ 12. ಊಟದಲ್ಲಿ ಆಕ್ಸಲೇಟ್ ಅಂತ ಒಂದು ಅಂಶ ಇರುತ್ತೆ, ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗೋದು ಅದೇ. ಊಟದ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಕಳಿಸುತ್ತೆ. ಹಿಡಿಯೋರಿಲ್ಲದಿದ್ದರೆ ಅದು ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುತ್ತೆ. ನೀವು ಬಿಡಬೇಕಾದದ್ದು ಖಾನಾವಳಿಯ ಉಪ್ಪಿನಕಾಯಿ, ಹಪ್ಪಳ.

ಬಾಳೆದಿಂಡು? ಇಲಿಗಳ ಮೇಲೆ ಮಾಡಿದ್ದಾರೆ. ಅಲ್ಲಿ ಇಲಿಗೆ ಎಥಿಲೀನ್ ಗ್ಲೈಕಾಲ್ ಕುಡಿಸಿ ಕಲ್ಲು ಬರಿಸ್ತಾರೆ, ಅದು ಗಾಡಿಯ ರೇಡಿಯೇಟರ್ ಕೂಲಂಟಿನಲ್ಲಿ ಇರೋ ರಾಸಾಯನಿಕ. ನಿಮಗೆ ಕಲ್ಲು ಬಂದದ್ದು ಕೂಲಂಟ್ ಕುಡಿದು ಅಲ್ಲವಲ್ಲ. ಪಲ್ಯ ಮಾಡಿಕೊಂಡು ತಿನ್ನಿ, ಅಮ್ಮನಿಗೂ ಸಮಾಧಾನ.

ಫಾರ್ಮಸಿ ಓದು:

ಲ್ಯಾಬ್ ಅಕ್ಕ ಎಲ್ಲ ಹೇಳಿದ್ದಾರೆ. ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ. ಇಂಥ ಪ್ರಯೋಗಗಳನ್ನು ನೋಂದಾಯಿಸೋ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ಇದರ ನೋಂದಣಿ ಸಂಖ್ಯೆ ಎಷ್ಟು? ಎಥಿಕ್ಸ್ ಕಮಿಟಿ ಒಪ್ಪಿದೆಯಾ? ಅಧ್ಯಯನದಿಂದಲೇ ತೊಂದರೆ ಆದರೆ ಚಿಕಿತ್ಸೆ ಯಾರ ಖರ್ಚು? ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ.

ಹಳೇ ಹುಬ್ಬಳ್ಳಿ:

ಅಕ್ಕಾ, ಒಪ್ಪಿದೆ. ಆದರೆ ಹುರುಳಿ ಕಟ್ಟು ಬಿಡಲ್ಲ, ರುಚಿಗೆ.

ಕಂಡಕ್ಟರ್ ಬಸು:

ಎಲ್ಲರಿಗೂ ಧನ್ಯವಾದ. ನಿನ್ನೆ ಹೋಗಿ ಕೇಳಿದೆ. ನೋಂದಣಿ ಸಂಖ್ಯೆ ಬರೆದುಕೊಟ್ಟರು, ಕನ್ನಡದ ಪತ್ರವೂ ಇತ್ತು, ನಾನು ಕೇಳದೆ ಇಂಗ್ಲಿಷಿನದು ಕೊಟ್ಟಿದ್ದರು ಅಷ್ಟೇ. ಒಂದು ಡ್ಯೂಟಿ ದಿನದ್ದು ಕೊಡ್ತೀನಿ ಅಂದಾಗ ಅಲ್ಲಿನ ಮೇಡಂ ಖುಷಿಯಾಗಿ ಐದು ಬಾಟಲಿ ಕೊಟ್ಟರು. ಸೇರಿದ್ದೇನೆ.

ಡ್ರೈವರ್ ಅಣ್ಣನಿಗೆ ವಿಷಯ ಹೇಳಿದೆ. ಬ್ಯಾಗ್ ತನ್ನ ಸೀಟಿನ ಹಿಂದೆ ಇಡು ಅಂದ. ಲಗೇಜ್ ಟಿಕೆಟ್ ಮಾತ್ರ ನೀನೇ ಹರಿದುಕೋ ಅಂದ.

ಲ್ಯಾಬ್ ಅಕ್ಕ:

ಹೋಗ್ತಾ ಒಂದು ಟೀ ಜಾಲರಿ ಕೊಂಡುಕೊಳ್ಳಿ. ಇನ್ನೊಂದು ಕಲ್ಲು ಬಿದ್ದರೆ ಅದರಲ್ಲಿ ಹಿಡಿದು, ತೊಳೆದು, ಒಣಗಿಸಿ, ಯಾವ ಬಗೆಯ ಕಲ್ಲು ಅಂತ ನೋಡೋಕೆ ನಿಮ್ಮ ಡಾಕ್ಟರಿಗೆ ಕೊಡಿ. ಆಮೇಲೆ ಆ ಜಾಲರಿ ಅಡುಗೆಮನೆಗೆ ವಾಪಸ್ ಹೋಗಬಾರದು, ಅಮ್ಮನಿಗೆ ಮೊದಲೇ ಹೇಳಿಬಿಡಿ.