ಸಹಾಯ ಬೇಕು: ಸಂಶೋಧನಾ ಪ್ರಬಂಧಗಳಿಗೆ ಅಂಕ ಕೊಡುವ ಬಗ್ಗೆ

ಪದವಿ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳನ್ನು ತಿದ್ದುತ್ತಿದ್ದೇನೆ. ಕೆಲವರ ಪ್ರಶ್ನೆ ತುಂಬಾ ಚೆನ್ನಾಗಿದೆ, ವಾದವೂ ಅವರದ್ದೇ, ಆದರೆ ಉಲ್ಲೇಖಗಳು ಅಸ್ತವ್ಯಸ್ತ. ಇನ್ನು ಕೆಲವರದ್ದು ಎಪಿಎ ಶೈಲಿಯಲ್ಲಿ (ಉಲ್ಲೇಖ ಬರೆಯುವ ಒಂದು ನಿಗದಿತ ಕ್ರಮ) ಅಚ್ಚುಕಟ್ಟು, ಒಳಗೆ ಮಾತ್ರ ಬೇರೆಯವರ ಮಾತುಗಳ ಜೋಡಣೆ. ಇಬ್ಬರಿಗೂ ಒಂದೇ ಅಂಕ ಬಂದರೆ ನ್ಯಾಯ ಅಲ್ಲ, ಅಲ್ವಾ?

ಯಾವುದಕ್ಕೆ ಎಷ್ಟು ಅಂಕ ಎಂದು ಹೇಳುವ ನನ್ನ ರೂಬ್ರಿಕ್‌ನಲ್ಲಿ 100ಕ್ಕೆ ವಾದಕ್ಕೆ 40, ಆಧಾರಗಳಿಗೆ 30, ಭಾಷೆಗೆ 15, ಉಲ್ಲೇಖಕ್ಕೆ 15 ಇಟ್ಟಿದ್ದೇನೆ. ವಾದಕ್ಕೆ ಇನ್ನೂ ಜಾಸ್ತಿ ಬೇಕಾ? ಕರಡು ಪ್ರತಿಗೂ ಅಂಕ ಕೊಡುತ್ತೀರಾ? ತಿದ್ದಿ ಬರೆಯಲು ಅವಕಾಶ ಇರುವಾಗಲೇ ನಮ್ಮ ಟಿಪ್ಪಣಿಗೆ ಬೆಲೆ. ಕೊನೆಯ ಪ್ರತಿಯ ಮೇಲೆ ಪುಟಗಟ್ಟಲೆ ಬರೆದರೂ ವಿದ್ಯಾರ್ಥಿಗಳು ಅಂಕ ನೋಡಿ ಸುಮ್ನೆ ಮಡಚಿಡುತ್ತಾರೆ.

ಹೆಸರು ಮುಚ್ಚಿ ತಿದ್ದುವವರು ಯಾರಾದರೂ ಇದ್ದೀರಾ? ಕರಡು ಓದಿದ ಮೇಲೆ ಯಾರದ್ದೆಂದು ಗೊತ್ತಾಗಿಬಿಡುತ್ತದಲ್ಲ, ಅದನ್ನು ಹೇಗೆ ನಿಭಾಯಿಸುತ್ತೀರಿ? ನಿಮ್ಮ ರೂಬ್ರಿಕ್ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.