ಗಡಿಯಾರ ನೋಡಿ ಹಾಲೂಡಿಸಬೇಕೋ, ಮಗುವನ್ನು ನೋಡಿಯೋ? ಮಕ್ಕಳ ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ಮಗುವಿಗೆ ಈಗ ಮೂರು ತಿಂಗಳು. ಹಸಿದಾಗಲೆಲ್ಲ ಎದೆಹಾಲು ಕೊಡಿ, ಆರು ತಿಂಗಳು ತುಂಬುವವರೆಗೆ ನೀರನ್ನೂ ಕೊಡಬೇಡಿ ಎಂದು ನಮ್ಮ ವೈದ್ಯರು ಹೇಳಿದ್ದಾರೆ. ಅತ್ತೆಯವರಾದರೋ, ತಮ್ಮ ಬಾಣಂತನದಲ್ಲಿ ವೈದ್ಯರೇ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಹಾಲು ಕೊಡಬೇಕೆಂದಿದ್ದರು, ಅತ್ತ ಕೂಡಲೇ ಎತ್ತಿಕೊಂಡರೆ ಮಗು ಹಟಮಾರಿಯಾಗುತ್ತದೆ ಎಂದೂ ಎಚ್ಚರಿಸಿದ್ದರು ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ವೈದ್ಯರ ಮಾತನ್ನೇ. ಈ ಸಲಹೆಗಳು ಇಷ್ಟೊಂದು ಬದಲಾಗುವುದು ಏಕೆ? ಇಂದಿನ ಸಲಹೆಯೂ ನಾಳೆ ತಪ್ಪಾಗುವುದಿಲ್ಲವೆಂದು ನಂಬುವುದು ಹೇಗೆ?

ಉತ್ತರ: ನಮಸ್ಕಾರ. ಮೊದಲಿಗೆ, ನಿಮ್ಮ ಅತ್ತೆಯವರ ನೆನಪು ಸರಿಯಾಗಿಯೇ ಇದೆ. ಅವರು ಕೇಳಿದ ಮಾತು ಯಾರದೋ ಮನಸ್ಸಿಗೆ ತೋಚಿದ್ದಲ್ಲ, ದಶಕಗಳ ಕಾಲ ವೈದ್ಯರ ಪುಸ್ತಕಗಳಲ್ಲಿ ಅಚ್ಚಾಗಿದ್ದ ನಿಯಮ. ಅದು ಹುಟ್ಟಿದ್ದು ಯಾವ ಭಯದಿಂದ ಎಂದು ತಿಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

19ನೇ ಶತಮಾನದ ಯುರೋಪ್ ಮತ್ತು ಅಮೆರಿಕದ ನಗರಗಳಲ್ಲಿ ಬಾಟಲಿ ಹಾಲು ಕುಡಿಯುತ್ತಿದ್ದ ಹಸುಗೂಸುಗಳು ಬೇಸಿಗೆ ಬಂತೆಂದರೆ ಭೇದಿಯಿಂದ ಗುಂಪು ಗುಂಪಾಗಿ ಸಾಯುತ್ತಿದ್ದವು. ಹಸುವಿನ ಹಾಲಿನಲ್ಲಿ ತಾಯಿಯ ಹಾಲಿಗಿಂತ ಸುಮಾರು ಮೂರು ಪಟ್ಟು ಪ್ರೋಟೀನ್ ಇರುತ್ತದೆ, ಹೊಟ್ಟೆಯಲ್ಲಿ ಅದು ಗಟ್ಟಿ ಮೊಸರಾಗಿ ಕೂರುತ್ತದೆ ಎಂಬುದನ್ನು ವೈದ್ಯರು ಕಂಡುಕೊಂಡಿದ್ದರು. ಹಾಲು ಕೆಟ್ಟಿರಬಹುದೆಂಬ ಅನುಮಾನಕ್ಕಿಂತ, ಹಿಂದಿನ ಹಾಲು ಅರಗುವ ಮೊದಲೇ ಮತ್ತೆ ಕುಡಿಸಿದ್ದರಿಂದ ಕಾಯಿಲೆ ಬಂತೆಂಬ ತರ್ಕ ಅವರಿಗೆ ಹೆಚ್ಚು ಹಿಡಿಸಿತು. ಆದ್ದರಿಂದ ಹೊಟ್ಟೆಗೆ ಬಿಡುವು ಕೊಡಿ ಎಂದರು. ನ್ಯೂಯಾರ್ಕಿನ ಮಕ್ಕಳ ವೈದ್ಯ ಎಮ್ಮೆಟ್ ಹೋಲ್ಟ್ 1894ರಲ್ಲಿ ಪ್ರಕಟಿಸಿದ ಕೈಪಿಡಿಯೂ, 1907ರಲ್ಲಿ ನ್ಯೂಜಿಲೆಂಡಿನಲ್ಲಿ ತಾಯಿ-ಮಕ್ಕಳ ಆರೋಗ್ಯಕ್ಕಾಗಿ ಪ್ಲಂಕೆಟ್ ಸೊಸೈಟಿಯನ್ನು ಕಟ್ಟಿದ ವೈದ್ಯ ಟ್ರೂಬಿ ಕಿಂಗ್ ಅವರ ಪಾಠಗಳೂ ವೇಳಾಪಟ್ಟಿಯನ್ನು ಮನೆಮನೆಗೆ ತಲುಪಿಸಿದವು. ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲಿಲ್ಲ ಎಂಬುದು ಕಿಂಗ್ ಅವರ ಶಿಸ್ತು.

ಎಡವಟ್ಟಾದದ್ದು ಇಲ್ಲಿ. ಬಾಟಲಿಯ ಮಗುವಿಗಾಗಿ ಹೊಳೆದ ನಿಯಮವನ್ನು ಎದೆಹಾಲಿನ ಮಗುವಿಗೂ ಹಾಗೆಯೇ ಅಂಟಿಸಿದರು. ಎದೆಯಲ್ಲಿ ಹಾಲು ಊರುವುದು ಅದು ಬರಿದಾದಷ್ಟು. ನಾಲ್ಕು ಗಂಟೆ ತಡೆದು ತಡೆದು ಕುಡಿಸಿದರೆ ದೇಹವು ಇಷ್ಟೇ ಸಾಕೆಂದು ತಿಳಿದು ಉತ್ಪತ್ತಿಯನ್ನು ಇಳಿಸುತ್ತದೆ. ಕೆಲವೇ ವಾರಗಳಲ್ಲಿ ತಾಯಿಗೆ 'ಹಾಲು ಸಾಲುತ್ತಿಲ್ಲ' ಎನ್ನಿಸುತ್ತದೆ, ಬಾಟಲಿ ಬರುತ್ತದೆ, ಬಾಟಲಿ ಬಂದಮೇಲೆ ಹಾಲು ಇನ್ನಷ್ಟು ಬತ್ತುತ್ತದೆ. ಹೀಗೆ ಬಾಟಲಿಯ ಅಪಾಯವನ್ನು ತಪ್ಪಿಸಲು ಬಂದ ನಿಯಮವೇ ಎಷ್ಟೋ ಕೂಸುಗಳನ್ನು ಬಾಟಲಿಗೆ ಒಪ್ಪಿಸಿತು. ಹಾಲು ಶುದ್ಧವಾಗಿ, ಆ ಭಯ ಕರಗಿದ ಮೇಲೂ ನಿಯಮ ಮಾತ್ರ ಉಳಿದುಕೊಂಡು ನಿಮ್ಮ ಅತ್ತೆಯವರ ಬಾಣಂತನದವರೆಗೂ ಬಂತು.

ಎತ್ತಿಕೊಳ್ಳಬಾರದೆಂಬ ಮಾತಿನ ಕಥೆ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವ್ಯಾಟ್ಸನ್ 1928ರಲ್ಲಿ, ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಎದ್ದಾಗ ಕೈಕುಲುಕಿ ಎಂದು ಬರೆದರು. ಮಗುವಿನೊಡನೆ ಕೈಕುಲುಕುವುದು! ಈ ಸಲಹೆಯ ಹಿಂದೆ ಭೇದಿಯ ಭಯದಷ್ಟು ಆಧಾರವೂ ಇರಲಿಲ್ಲ, ಇದ್ದದ್ದು ಒಂದು ಸಿದ್ಧಾಂತ ಮತ್ತು ಅಪಾರ ಆತ್ಮವಿಶ್ವಾಸ. 1946ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಅವರು ನಿಮ್ಮ ಮೇಲೆ ನೀವು ನಂಬಿಕೆಯಿಡಿ ಎಂದು ಪೋಷಕರಿಗೆ ಹೇಳಿದರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ, ತಾಯಿಯ ಆಸರೆಯಿಂದ ಬೇರ್ಪಟ್ಟ ಮಕ್ಕಳಿಗಾಗುವ ಹಾನಿಯನ್ನು ವಿವರಿಸಿದರು. 1958ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಮರಿಗಳು ಹಾಲು ಕೊಡುವ ತಂತಿಯ ಬೊಂಬೆಯನ್ನು ಬಿಟ್ಟು, ಹಾಲಿಲ್ಲದಿದ್ದರೂ ಮೆತ್ತನೆಯ ಬಟ್ಟೆ ಹೊದಿಸಿದ ಬೊಂಬೆಯನ್ನೇ ದಿನವಿಡೀ ತಬ್ಬಿಕೊಂಡಿದ್ದವು.

ನಾಳೆ ಏನೆಂದು ಕೇಳಿದಿರಿ. ಸ್ಪಾಕ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಷ್ಟು ಮೃದುವಾಗಿ ಬರೆದವರೇ 1950ರ ದಶಕದ ಉತ್ತರಾರ್ಧದಿಂದ, ಮಗು ವಾಂತಿ ಮಾಡಿಕೊಂಡರೆ ಉಸಿರುಗಟ್ಟದಿರಲೆಂದು ಬೋರಲು ಮಲಗಿಸಲು ಹೇಳಿದರು. ತರ್ಕ ಚೆನ್ನಾಗಿಯೇ ಇತ್ತು, ಎಣಿಕೆ ಮಾತ್ರ ಇರಲಿಲ್ಲ. ನಿದ್ರೆಯಲ್ಲೇ ತೀರಿಕೊಂಡ ಕೂಸುಗಳನ್ನೂ ಬದುಕಿದ ಕೂಸುಗಳನ್ನೂ ಹೋಲಿಸಿ ನೋಡಿದಾಗ ಬೋರಲು ಮಲಗಿಸುವುದೇ ಅಪಾಯವೆಂದು ತಿಳಿಯಿತು. 1991ರಲ್ಲಿ ಬ್ರಿಟನ್ನಿನಲ್ಲಿ ಅಂಗಾತ ಮಲಗಿಸುವ ಪ್ರಚಾರ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಆದುದರಿಂದ ಯಾವುದೇ ಸಲಹೆಯನ್ನು ಕೇಳಿದಾಗ, ಇದನ್ನು ಯಾರಾದರೂ ಹೋಲಿಸಿ ಎಣಿಸಿದ್ದಾರೆಯೇ ಎಂದು ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಎಣಿಸಿ ಹೇಳಿದ್ದೂ ತಿದ್ದುಪಡಿಯಾಗುತ್ತದೆ, ಆದರೆ ಕೈಕುಲುಕುವ ಸಲಹೆಯಂತೆ ಬುಡಮೇಲಾಗುವುದು ಅಪರೂಪ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹಿಂದಿನ ಕಾಲದ ಶ್ರೀಮಂತ ಹೆಂಗಸರು ತಮ್ಮ ಮಕ್ಕಳಿಗೆ ತಾವೇ ಹಾಲು ಕೊಡದೆ ದಾದಿಯರಿಗೆ ಒಪ್ಪಿಸುತ್ತಿದ್ದರೆಂದು ಓದಿದ್ದೇನೆ. ಆಗಿನವರಿಗೆ ಮಕ್ಕಳ ಮೇಲೆ ಮಮತೆಯೇ ಇರಲಿಲ್ಲವೇ?

ಉತ್ತರ: ಮಮತೆಯ ಕೊರತೆಯೆಂದು ಹೇಳುವ ಧೈರ್ಯ ನನಗಿಲ್ಲ. ಹಾಲುಣಿಸುವ ದಾದಿಯ ಕೆಲಸ ಬಹಳ ಹಳೆಯದು. ಸುಮಾರು ಕ್ರಿ.ಪೂ. 1750ರ, ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿಯೇ, ಒಪ್ಪಿಸಿದ ಕೂಸು ತನ್ನ ಕೈಯಲ್ಲಿ ಸತ್ತ ಮೇಲೆ ಹೆತ್ತವರಿಗೆ ತಿಳಿಸದೆ ಇನ್ನೊಂದು ಕೂಸನ್ನು ಒಪ್ಪಿಕೊಳ್ಳುವ ದಾದಿಗೆ ಮೊಲೆ ಕತ್ತರಿಸುವ ಶಿಕ್ಷೆಯಿದೆ. ಕ್ರಿ.ಶ. 2ನೇ ಶತಮಾನದಲ್ಲಿ ರೋಮಿನಲ್ಲಿ ವೃತ್ತಿ ನಡೆಸುತ್ತಿದ್ದ ಎಫೆಸಸ್‌ನ ಸೊರಾನಸ್ ಎಂಬ ವೈದ್ಯ, ದಾದಿಯ ಹಾಲನ್ನು ಪರೀಕ್ಷಿಸುವ ಬಗೆಯನ್ನು ಬರೆದಿಟ್ಟಿದ್ದಾನೆ: ಉಗುರಿನ ಮೇಲೆ ಒಂದು ಹನಿ ಬಿಟ್ಟು ಬೆರಳನ್ನು ವಾಲಿಸಿದಾಗ ಅದು ನೀರಿನಂತೆ ಜಾರಿಹೋಗಲೂ ಬಾರದು, ಅಂಟಿಕೊಂಡು ನಿಲ್ಲಲೂ ಬಾರದು. ಈ ಉಗುರಿನ ಪರೀಕ್ಷೆ ಸಾವಿರದೈನೂರು ವರ್ಷಗಳಿಗೂ ಹೆಚ್ಚು ಕಾಲ ಯುರೋಪಿನ ವೈದ್ಯರ ಕೈಯಲ್ಲಿ ಬಾಳಿತು. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲು ಕೂಸಿಗೆ ಒಗ್ಗುವುದಿಲ್ಲ, ಸುಮಾರು ಇಪ್ಪತ್ತು ದಿನ ತಾಯಿಯ ಹಾಲು ಬೇಡವೆಂದು ಹೇಳಿದವನೂ ಅವನೇ. ಸೋಂಕನ್ನು ತಡೆಯುವ ಪ್ರತಿಕಾಯಗಳು ದಟ್ಟವಾಗಿರುವ ಹಾಲು ಅದೇ ಎಂದು ನಮಗೆ ಈಗ ಗೊತ್ತಿದೆ.

ದಾದಿಯರು ಶ್ರೀಮಂತರಿಗೆ ಮಾತ್ರ ಎಂಬುದು ಪೂರ್ತಿ ನಿಜವಲ್ಲ. 1780ರ ಹೊತ್ತಿನ ಪ್ಯಾರಿಸ್ಸಿನಲ್ಲಿ ವರ್ಷಕ್ಕೆ ಹುಟ್ಟುತ್ತಿದ್ದ ಸುಮಾರು 21,000 ಮಕ್ಕಳಲ್ಲಿ ಹೆತ್ತ ತಾಯಿಯ ಹಾಲು ಕುಡಿಯುತ್ತಿದ್ದವು ಸುಮಾರು 1,000 ಮಾತ್ರ ಎಂದು ಆ ನಗರದ ಪೊಲೀಸ್ ಮುಖ್ಯಸ್ಥ ಲೆನ್ವಾರ್ ಲೆಕ್ಕ ಕೊಟ್ಟಿದ್ದ. ಇನ್ನು 1,000 ಮಕ್ಕಳಿಗೆ ಮನೆಯಲ್ಲೇ ದಾದಿಯಿದ್ದಳು. ಉಳಿದವುಗಳಲ್ಲಿ ಬಹುಪಾಲು ನಗರದ ಹೊರಗೆ, ದೂರದ ಹಳ್ಳಿಯ ದಾದಿಯರ ಮನೆ ಸೇರುತ್ತಿದ್ದವು. ಇಷ್ಟೊಂದು ಮನೆಗಳು ಶ್ರೀಮಂತರವಾಗಿರಲು ಸಾಧ್ಯವಿಲ್ಲ. ಲಿಯೋನ್ ನಗರದ ರೇಷ್ಮೆ ನೇಕಾರರ ಹೆಂಡಂದಿರು ಮಗ್ಗದ ಕೆಲಸ ನಿಂತರೆ ಅಂದಿನ ಅನ್ನಕ್ಕೇ ಕುತ್ತು ಬರುತ್ತಿದ್ದುದರಿಂದ ಕೂಸನ್ನು ಕಳುಹಿಸುತ್ತಿದ್ದರು. ಆ ಹಳ್ಳಿಯ ದಾದಿಗೂ ಒಂದು ಸ್ವಂತ ಕೂಸಿರುತ್ತಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಬಾಡಿಗೆಯ ಕೂಸಿಗಾಗಿ ಆ ಕೂಸಿಗೆ ಬೇಗನೆ ಹಾಲು ಬಿಡಿಸುತ್ತಿದ್ದರು.

ಇದನ್ನು ವಿರೋಧಿಸಿದವರು ಇಲ್ಲದೆ ಇಲ್ಲ. ಹಾಲೂಡುವ ಪ್ರಾಣಿಗಳಿಗೆ ಸಸ್ತನಿ ಎಂಬ ಅರ್ಥದ ಹೆಸರನ್ನು 1758ರಲ್ಲಿ ಕೊಟ್ಟ ಸ್ವೀಡನ್ನಿನ ಜೀವವಿಜ್ಞಾನಿ ಕಾರ್ಲ್ ಲಿನ್ನೇಯಸ್, ಅದಕ್ಕೂ ಮುಂಚೆಯೇ ದಾದಿ ಪದ್ಧತಿಯ ವಿರುದ್ಧ ಬರೆದಿದ್ದ. 1762ರಲ್ಲಿ ತತ್ತ್ವಜ್ಞಾನಿ ರೂಸೋ ತಾಯಂದಿರು ತಾವೇ ಹಾಲು ಕೊಡಬೇಕೆಂದು ಉಪದೇಶಿಸಿದ. ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದವನು ಇವನೇ ಎಂಬುದನ್ನು ಇಲ್ಲಿ ಹೇಳದಿದ್ದರೆ ತಾಯಂದಿರಿಗೆ ಅನ್ಯಾಯವಾಗುತ್ತದೆ. 1794ರ ಪ್ರಷ್ಯಾದ ಕಾನೂನು ಆರೋಗ್ಯವಂತ ತಾಯಿ ತನ್ನ ಮಗುವಿಗೆ ತಾನೇ ಹಾಲೂಡಿಸತಕ್ಕದ್ದು ಎಂದು ವಿಧಿಸಿ, ಎಷ್ಟು ಕಾಲ ಊಡಿಸಬೇಕೆಂಬ ತೀರ್ಮಾನವನ್ನು ತಂದೆಗೆ ಬಿಟ್ಟಿತು. ಹಾಲು ತಾಯಿಯದು, ಲೆಕ್ಕ ತಂದೆಯದು.

ಹಿರಿಯ ಸದಸ್ಯೆಯೊಬ್ಬರ ಪ್ರಶ್ನೆ: ನಮ್ಮ ಕಾಲದಲ್ಲಿ ಡಬ್ಬಿಯ ಹಾಲಿನ ಪುಡಿ ಕೊಡುವುದೇ ಹೆಮ್ಮೆಯ ವಿಷಯವಾಗಿತ್ತು. ನಾನೂ ಕೊಟ್ಟೆ, ಮಕ್ಕಳು ಚೆನ್ನಾಗಿಯೇ ಬೆಳೆದಿದ್ದಾರೆ. ಈಗ ಅದನ್ನು ಅಪರಾಧವೆಂಬಂತೆ ಮಾತನಾಡುವುದನ್ನು ಕೇಳಿ ಮನಸ್ಸಿಗೆ ನೋವಾಗುತ್ತದೆ.

ಉತ್ತರ: ಅಮ್ಮಾ, ನೀವು ಅಪರಾಧವನ್ನೇನೂ ಮಾಡಿಲ್ಲ. ಎದೆಹಾಲು ಸಿಗದ ಕೂಸಿಗೆ ಏನು ಕೊಡಬೇಕೆಂಬ ಪ್ರಶ್ನೆಗೆ ಮನುಷ್ಯರು ಸಾವಿರಾರು ವರ್ಷ ತಡಕಾಡಿದ್ದಾರೆ. ಜರ್ಮನಿಯ ಬವೇರಿಯಾದಲ್ಲಿ ಮಕ್ಕಳ ಸಮಾಧಿಗಳಲ್ಲಿ ಸಿಕ್ಕಿದ, ಎರಡೂವರೆ ಸಾವಿರ ವರ್ಷಗಳಿಗೂ ಹಳೆಯದಾದ ಸಣ್ಣ ಮಣ್ಣಿನ ಕೊಂಬುಗಿಂಡಿಗಳಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಕೊಬ್ಬಿನಂಶವನ್ನು 2019ರಲ್ಲಿ ಗುರುತಿಸಲಾಯಿತು. ಮುಂದಿನ ಶತಮಾನಗಳಲ್ಲಿ ಹಾಲು ಅಥವಾ ನೀರಿನಲ್ಲಿ ಬ್ರೆಡ್ಡನ್ನೋ ಹಿಟ್ಟನ್ನೋ ಬೇಯಿಸಿದ ಗಂಜಿ ಕೊಡುತ್ತಿದ್ದರು; ಹಸುಗೂಸುಗಳಿಗೆ ಅದು ಸಾಲದು, ಅನೇಕ ವೇಳೆ ಕೊಲ್ಲುತ್ತಿತ್ತು.

19ನೇ ಶತಮಾನದ ಒಂದು ಬಾಟಲಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಚಪ್ಪಟೆಯಾದ ಗಾಜಿನ ಸೀಸೆ, ಅದರ ಬಾಯಿಂದ ಹೊರಟ ಗೇಣುದ್ದಕ್ಕೂ ಮಿಕ್ಕಿದ ರಬ್ಬರ್ ಕೊಳವೆ, ಕೊನೆಯಲ್ಲಿ ನಿಪ್ಪಲ್. ಸೀಸೆಯನ್ನು ಪಕ್ಕದಲ್ಲಿಟ್ಟು ನಿಪ್ಪಲನ್ನು ಬಾಯಿಗಿಟ್ಟರೆ ಕೂಸು ತಾನೇ ಕುಡಿಯುತ್ತಿತ್ತು, ತಾಯಿಯ ಎರಡು ಕೈಗಳೂ ಬಿಡುವಾಗುತ್ತಿದ್ದವು. ಆ ಕೊಳವೆಯೊಳಗೆ ಬ್ರಷ್ ಹೋಗುತ್ತಿರಲಿಲ್ಲ. ಒಳಗೋಡೆಗೆ ಅಂಟಿದ ಹಾಲು ಅಲ್ಲೇ ಹುಳಿಯುತ್ತಿತ್ತು. 1861ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಮನೆಮಾತಾಗಿದ್ದ ಒಂದು ಗೃಹಕೃತ್ಯದ ಪುಸ್ತಕವು, ಬಾಟಲಿಗೆ ಒಮ್ಮೆ ಕಟ್ಟಿದ ನಿಪ್ಪಲನ್ನು ಹೊಸದು ಹಾಕುವವರೆಗೆ ಬಿಚ್ಚಬೇಕಾಗಿಲ್ಲ, ಹದಿನೈದು ದಿನಕ್ಕೊಮ್ಮೆ ಬದಲಾಯಿಸಿದರೂ ಆದೀತು ಎಂದು ಹೇಳುತ್ತದೆ. ರೋಗಾಣುಗಳ ವಿಷಯ ಮನೆಗಳಿಗಿನ್ನೂ ತಲುಪಿರದ ಕಾಲವದು. ಉದ್ದ ಕೊಳವೆಯ ಬಾಟಲಿಗಳನ್ನು ಫ್ರಾನ್ಸ್ 1910ರಲ್ಲಿ ನಿಷೇಧಿಸಿತು.

ಹಾಲಿನ ಪುಡಿಯ ಪೂರ್ವಜ ಹುಟ್ಟಿದ್ದು ಇದೇ ಕಾಲದಲ್ಲಿ. 1865ರಲ್ಲಿ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಹಸುವಿನ ಹಾಲು, ಗೋಧಿಹಿಟ್ಟು, ಮಾಲ್ಟ್ ಹಿಟ್ಟು ಮತ್ತು ಪೊಟ್ಯಾಸಿಯಂ ಬೈಕಾರ್ಬೊನೇಟ್ ಸೇರಿಸಿ ಶಿಶು ಆಹಾರವೊಂದನ್ನು ರೂಪಿಸಿದರು. 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ತಮ್ಮ ಹಾಲುಹಿಟ್ಟನ್ನು ಮಾರಾಟಕ್ಕೆ ತಂದರು. 1883ರಲ್ಲಿ ಥಾಮಸ್ ಬಾರ್ಲೋ ಎಂಬ ವೈದ್ಯರು ಹಸುಗೂಸುಗಳ ಸ್ಕರ್ವಿಯನ್ನು, ಅಂದರೆ ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆಯನ್ನು, ವಿವರಿಸಿದರು. ಅನುಕೂಲಸ್ಥರ ಮನೆಗಳಲ್ಲಿ ಡಬ್ಬಿಯ ಆಹಾರದಲ್ಲೇ ಬೆಳೆದ ಮಕ್ಕಳಲ್ಲಿಯೂ ಇದು ಕಾಣಿಸಿಕೊಂಡದ್ದು ಕಣ್ತೆರೆಸುವ ಸಂಗತಿ. ವಿಟಮಿನ್ ಎಂಬ ಪದವೇ ಆಗ ಇರಲಿಲ್ಲ.

ಮುಂದಿನ ನೂರು ವರ್ಷಗಳಲ್ಲಿ ಪುಡಿ ಬಹಳ ಸುಧಾರಿಸಿತು. ಜಗಳ ಎದ್ದದ್ದು ಪುಡಿಯ ಕಾರಣಕ್ಕಿಂತ ಅದನ್ನು ಮಾರಿದ ರೀತಿಗೆ. ಶುದ್ಧ ನೀರು, ಉರುವಲು, ಪುಡಿಯನ್ನು ಮತ್ತೆ ಮತ್ತೆ ಕೊಳ್ಳುವ ಹಣ ಇವು ಮೂರೂ ಇಲ್ಲದ ಮನೆಗಳಿಗೆ ಅದನ್ನು ಆಧುನಿಕತೆಯ ಹೆಸರಿನಲ್ಲಿ ತಲುಪಿಸಿದಾಗ, ತಾಯಂದಿರು ಡಬ್ಬಿ ಹೆಚ್ಚು ದಿನ ಬರಲೆಂದು ತೆಳುವಾಗಿ ಕಲಸುತ್ತಿದ್ದರು, ಕೂಸು ಸೊರಗುತ್ತಿತ್ತು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿ ಸಿಂಗಾಪುರದಲ್ಲಿ ಮಾಡಿದ ಭಾಷಣದಲ್ಲಿ ಇದನ್ನು ಕೊಲೆ ಎಂದೇ ಕರೆದರು. 1981ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಅಧಿವೇಶನವು ಇಂತಹ ಜಾಹೀರಾತುಗಳಿಗೆ ಕಡಿವಾಣ ಹಾಕುವ ಸಂಹಿತೆಯನ್ನು 118 ಮತಗಳಿಂದ ಅಂಗೀಕರಿಸಿತು. ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ಅಂದರೆ ಸಂಹಿತೆ ಬೆರಳು ತೋರಿಸುವುದು ಮಾರುವವರ ಕಡೆಗೆ, ನಿಮ್ಮ ಕಡೆಗಲ್ಲ. ತಾಯಿಗೆ ಕಾಯಿಲೆಯಾದಾಗ, ಹಾಲು ನಿಜವಾಗಿಯೂ ಸಾಲದಾದಾಗ ನಾನು ಇಂದಿಗೂ ಪುಡಿಯನ್ನು ಬರೆದುಕೊಡುತ್ತೇನೆ.

ಮೊದಲ ಪ್ರಶ್ನೆ ಕೇಳಿದವರಿಂದ: ತುಂಬಾ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಗಟ್ಟಿ ಆಹಾರಕ್ಕೆ ಆರು ತಿಂಗಳೆಂಬ ಗಡಿಯೂ ಹೀಗೆಯೇ ಬದಲಾಗುತ್ತಾ ಬಂದಿದೆಯೇ? ಮತ್ತು ಮೂರು ಗಂಟೆಗೊಮ್ಮೆ ಹಾಲು ಕೊಡಲು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ, ಅದನ್ನು ತೆಗೆದುಬಿಡಲೇ?

ಉತ್ತರ: ಗಡಿ ಜೋಕಾಲಿಯಂತೆ ಆಡಿದೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಒಂದು ವರ್ಷದವರೆಗೆ ಗಟ್ಟಿ ಆಹಾರವನ್ನು ಕೊಡುವುದೇ ವಿರಳವಾಗಿತ್ತು, 1950ರ ದಶಕದಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಧಾನ್ಯದ ಗಂಜಿ ಕೊಡಿ ಎನ್ನುವ ವೈದ್ಯರೂ ಅಲ್ಲಿಯೇ ಇದ್ದರು. ನಾಲ್ಕರಿಂದ ಆರು ತಿಂಗಳು ಎಂದಿದ್ದ ಅಂತರರಾಷ್ಟ್ರೀಯ ಸಲಹೆ 2001ರಲ್ಲಿ ಆರು ತಿಂಗಳು ಎಂದಾಯಿತು. ತಡಮಾಡುವುದೂ ಒಳ್ಳೆಯದಲ್ಲ. ಮೇಲೆ ಹೇಳಿದ ಸಿಸಿಲಿ ವಿಲಿಯಮ್ಸ್ ಅವರೇ 1930ರ ದಶಕದಲ್ಲಿ ಇಂದಿನ ಘಾನಾದಲ್ಲಿ, ಮೈ ಊದಿಕೊಂಡು ಕೂದಲು ಬಣ್ಣಗೆಡುವ ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಯನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಮುಂದಿನ ಕೂಸು ಬಂದಾಗ ಮಡಿಲಿನಿಂದ ಇಳಿದ ಮಗುವಿಗೆ ಬರುವ ಕಾಯಿಲೆ ಎಂಬುದು ಅಲ್ಲಿನ ಗಾ ಭಾಷೆಯ ಆ ಪದದ ಅರ್ಥ. ಹಾಲು ಬಿಡಿಸಿದ ಮೇಲೆ ತಟ್ಟೆಯಲ್ಲಿ ಏನಿರುತ್ತದೆ ಎಂಬುದನ್ನು ಆ ತಾಯಂದಿರು ವೈದ್ಯರಿಗಿಂತ ಮೊದಲೇ ಗಮನಿಸಿ ಹೆಸರಿಟ್ಟಿದ್ದರು.

ಅಲರ್ಜಿಯ ವಿಷಯದಲ್ಲಿ ನಾವೇ ಇತ್ತೀಚೆಗೆ ತಲೆತಗ್ಗಿಸಿದ್ದೇವೆ. ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿ, 2008ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. 2015ರಲ್ಲಿ ಲಂಡನ್ನಿನಿಂದ ಪ್ರಕಟವಾದ, ಅಂಥ 640 ಮಕ್ಕಳ ಪ್ರಯೋಗದಲ್ಲಿ, ಕಡಲೆಕಾಯಿಯಿಂದ ದೂರವಿಟ್ಟವರಲ್ಲಿ ಐದನೇ ವಯಸ್ಸಿಗೆ ಶೇ. 17.2ರಷ್ಟು ಮಂದಿಗೆ ಅಲರ್ಜಿ ಬಂದರೆ, ಮೊದಲ ವರ್ಷದಿಂದಲೇ ತಿಂದವರಲ್ಲಿ ಶೇ. 3.2ರಷ್ಟು ಮಂದಿಗೆ ಮಾತ್ರ ಬಂತು. ಆದರೆ ಇಡೀ ಕಾಳನ್ನು ಎಂದೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ತೀವ್ರ ಇಸುಬು ಇದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಿ. ಒಂದು ವರ್ಷ ತುಂಬುವ ಮುನ್ನ ಜೇನುತುಪ್ಪವನ್ನು ನೆಕ್ಕಿಸಬೇಡಿ, ಅದರಲ್ಲಿರಬಹುದಾದ, ಸ್ನಾಯುಗಳ ಬಲ ಕುಂದಿಸುವ ಬಾಟ್ಯುಲಿಸಮ್ ಎಂಬ ಕಾಯಿಲೆಯ ರೋಗಾಣುವನ್ನು ಎಳೆಯ ಕರುಳು ತಡೆಯಲಾರದು.

ಅಲಾರಂ ತೆಗೆದುಬಿಡಿ. ನಿಮ್ಮ ಮಗು ದಿನಕ್ಕೆ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದು, ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಕೈಯನ್ನು ಬಾಯಿಗೆ ಒಯ್ಯುವುದು, ತಲೆಯನ್ನು ಆಚೀಚೆ ತಿರುಗಿಸಿ ಬಾಯಿ ತೆರೆಯುವುದು ಹಸಿವಿನ ಮೊದಲ ಸೂಚನೆಗಳು, ಅಳು ಕೊನೆಯದು. ಅತ್ತೆಯವರು ಮಗುವನ್ನು ಎತ್ತಿಕೊಂಡು ಕೂತಾಗ ಈ ಸೂಚನೆಗಳನ್ನು ಅವರಿಗೇ ತೋರಿಸಿ. ನಾಲ್ಕು ಗಂಟೆ ಕಾಯುತ್ತಾ ಕುಳಿತಿದ್ದ ಆ ದಿನಗಳಲ್ಲಿ ಅವರೂ ಇವನ್ನು ಕಂಡೇ ಇರುತ್ತಾರೆ.